ನಡುನೀರಿಗೆ ಬಂದು ನಿಲ್ಲುವ ದೋಣಿ

ಮೊನ್ನೆ ನಮ್ಮ ಮನೆಯ ಮಿಕ್ಸಿ ಚಟ್ನಿಯನ್ನು ಅರ್ಧ ರುಬ್ಬಿ ನಿಂತುಬಿಟ್ಟಿತು. ಹೆಂಡತಿ ಸ್ವಿಚ್ಚು ನೋಡಿದಳು, ಪ್ಲಗ್ಗು ಅಲ್ಲಾಡಿಸಿದಳು, ಕರೆಂಟು ಹೋಯಿತೇನೋ ಎಂದು ಫ್ಯಾನಿನ ಕಡೆ ಕತ್ತೆತ್ತಿದಳು. ಬುದ್ಧಿ ಇರುವವರು ಮಾಡುವುದು ಹಾಗೆಯೇ. ನಾನು ಹೋಗಿ ಮಿಕ್ಸಿಯ ಬುಡಕ್ಕೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದೆ.

‘ಅದೇನು ಮಲ್ಲಿಗಿ ದಂಡಿ ಏನ್ರಿ, ಹಂಗ ಮೂಸಾಕತ್ತೀರಲ್ಲ?’ ಎಂದಳು.

ಕೆಟ್ಟ ಯಂತ್ರವನ್ನು ಮೂಸುವ ಈ ಚಟ ನನಗೆ ತಾಯಿಯ ಕಡೆಯಿಂದ ಬಂದದ್ದು. ಅಂದರೆ ನನ್ನ ಸೋದರಮಾವ ಮೈಲಾರಪ್ಪನಿಂದ. ಎದುರಿಗಿದ್ದಾಗ ‘ರೀ’ ಹಚ್ಚದೆ ಅವನ ಜೊತೆ ನಾನು ಮಾತಾಡಿದವನಲ್ಲ. ಬರೆಯಲು ಕೂತರೆ ಮಾತ್ರ ಏಕವಚನವೇ ಬರುತ್ತದೆ. ಇದನ್ನು ಓದಿದರೆ ಅವನೇನೂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಅವನು ಓದುವುದಿಲ್ಲ.

ಮಾವನ ಊರು ಹಗರಿಬೊಮ್ಮನಹಳ್ಳಿಯಿಂದ ಒಳಗೆ, ತುಂಗಭದ್ರೆಯ ಹಿನ್ನೀರಿನ ದಂಡೆಯ ಮೇಲಿದೆ. ಬೇಸಿಗೆ ರಜೆಗೆ ಕೊಟ್ಟೂರಿನಿಂದ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಹೊಲದಲ್ಲಿ ಆಗ ಡೀಸೆಲ್ ಪಂಪ್‌ಸೆಟ್ ಇತ್ತು. ಅದಕ್ಕೆ ಕರೆಂಟಿನ ಹಂಗಿರಲಿಲ್ಲ, ಆದರೆ ಮಾವನ ಹಂಗು ಬಹಳ ಇತ್ತು. ಮಾವ ಮೊದಲು ಅದರ ಸುತ್ತ ಒಂದು ಸುತ್ತು ಹಾಕುವನು. ಆಮೇಲೆ ಬಗ್ಗಿ ಮೂಸುವನು. ಆಮೇಲೆ ಡೀಸೆಲ್ಲನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ, ಸಾರಿನ ಉಪ್ಪು ನೋಡಿದವರ ಹಾಗೆ ಸ್ವಲ್ಪ ಹೊತ್ತು ಆಲೋಚಿಸುವನು. ಕೊನೆಗೆ ಹ್ಯಾಂಡಲ್ ತಿರುಗಿಸುತ್ತಾ ‘ಬಿಡಲೇ ಕೊಟ್ರ!’ ಎಂದು ಕೂಗಿದಾಗ ನಾನು ಮೇಲಿನ ಕಿವಿಯಂಥ ಕಡ್ಡಿಯನ್ನು ಬಿಡಬೇಕು. ಬಿಟ್ಟರೆ ಡುಗ್ ಡುಗ್ ಎಂದು ಹೊಲವೆಲ್ಲ ನಡುಗುತ್ತಿತ್ತು. ಪಂಪು ನೀರು ಎತ್ತದಿದ್ದರೆ ಬಕೆಟ್ಟಿನಲ್ಲಿ ಸಗಣಿ ಕದಡಿ ಬಾಯಿಗೆ ಹೊಯ್ಯುವುದು. ಸಗಣಿ ಹೋಗಿ ಎಲ್ಲೆಲ್ಲಿ ಗಾಳಿ ಸೋರುತ್ತದೋ ಅಲ್ಲಲ್ಲಿ ಕೂತುಕೊಂಡು, ನೀರು ಏರುತ್ತಿತ್ತು. ನಾನು ಮೊದಲ ನೀರಿಗೇ ತೊಟ್ಟಿಯೊಳಗೆ ಹಾರಿ, ಮೈಯೆಲ್ಲ ಸಗಣಿ ನಾರುತ್ತಾ ಅತ್ತೆಯ ಮುಂದೆ ನಿಲ್ಲುತ್ತಿದ್ದೆ. ಅತ್ತೆ, ಅಂದರೆ ಮಾವನ ಹೆಂಡತಿ ಈರಮ್ಮ, ಮಾವನನ್ನು ಬೈಯುತ್ತಾ ನನ್ನ ತಲೆ ತಿಕ್ಕುತ್ತಿದ್ದಳು. ಯಾವ ಯಂತ್ರವಾದರೂ ಕೆಟ್ಟರೆ ಬೈಗುಳ ಮಾವನಿಗೆ ಎಂಬುದು ಆ ಮನೆಯ ಹಳೆಯ ಕ್ರಮ.

ಹೇಳಬೇಕೆಂದುಕೊಂಡದ್ದು ಪಂಪ್‌ಸೆಟ್ಟಿನ ಸುದ್ದಿಯಲ್ಲ, ದೋಣಿಯ ಸುದ್ದಿ. ಮಿಕ್ಸಿ ಇನ್ನೂ ಹಾಗೇ ಕೂತಿದೆ, ಇರಲಿ.

ಕೆಲವು ವರ್ಷಗಳ ಕೆಳಗೆ ಮಾವ ಟಗರು ತರಲೆಂದು ಹರಪನಹಳ್ಳಿಯ ಕಡೆ ಹೋದವನು ದೋಣಿ ತಂದ. ಆ ಕಡೆ ಎಲ್ಲೋ ಒಂದು ಕೆರೆಯಲ್ಲಿ ಯಾರೋ ವಿಹಾರದ ದೋಣಿ ಬಿಡುತ್ತಿದ್ದರಂತೆ, ಕೆರೆ ಬತ್ತಿದ ಮೇಲೆ ಬಾಗಿಲು ಹಾಕಿದರಂತೆ. ಮಾವನ ಕಣ್ಣಿಗೆ ಅದು ಬಿತ್ತು. ಹಳದಿ ಬಣ್ಣದ ಫೈಬರ್ ದೋಣಿ. ಮನೆಮಂದಿಯೆಲ್ಲ ಕೂರುವಷ್ಟು ಜಾಗ, ಮೇಲೊಂದು ಜಾಲರಿ ಅಂಚಿನ ಹರಿದ ಚಪ್ಪರ, ಹಿಂಭಾಗಕ್ಕೆ ತಗಲಿಸಿದ ಪೆಟ್ರೋಲ್ ಇಂಜಿನ್. ಮುಂದೆ ಹಂಸದ ಕತ್ತು ಇತ್ತಂತೆ. ಅದು ಮುರಿದು ಮೊಂಡಷ್ಟೇ ಉಳಿದಿತ್ತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದೋಣಿ, ದೋಣಿಯೊಳಗೆ ಮಾವ. ಹರಪನಹಳ್ಳಿಯ ಚಹಾದಂಗಡಿಯ ಮುಂದೆ ನಿಂತವನೊಬ್ಬ, ‘ಏನ್ರೀ ಇದು, ಎಲ್ಲಿಗ್ ತಗಂಡ್ ಹೊಂಟೀರಿ?’ ಎಂದು ಕೇಳಿದನಂತೆ. ‘ನೀರು ಕುಡಸಾಕ್ರೀ’ ಎಂದನಂತೆ ಮಾವ. ಕೊಟ್ಟೂರಿನಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಕಚೇರಿಯ ಮುಂದೆಯೇ ಟ್ರ್ಯಾಕ್ಟರು ನಿಲ್ಲಿಸಿ, ನನ್ನ ಹೆಸರು ಹಿಡಿದು ಕೂಗಿದ. ಪ್ರಾಂಶುಪಾಲರೂ ಹೊರಗೆ ಬಂದು ನೋಡಿದರು. ಆ ದಿನದಿಂದ ಕಚೇರಿಯಲ್ಲಿ ನನ್ನನ್ನು ಕ್ಯಾಪ್ಟನ್ ಎನ್ನುತ್ತಾರೆ.

ಅತ್ತೆ ದೋಣಿಯನ್ನು ಬಾಗಿಲಲ್ಲೇ ತಡೆದಳು.

‘ಟಗರು ತರ್ತೀನಿ ಅಂತ ಹೋಗಿದ್ರಿ.’

‘ಇದಕ್ಕ ಮೇವು ಬೇಕಾಗಿಲ್ಲ ನೋಡು,’ ಎಂದ ಮಾವ.

‘ಕೊಯ್ದು ತಿನ್ನಾಕೂ ಬರಂಗಿಲ್ಲ.’

ಹಕ್ಕಿ ನೋಡಲು ಬರುವ ಪೇಟೆಯ ಜನರನ್ನು ಕೂರಿಸಿಕೊಂಡು ಹಿನ್ನೀರಿನಲ್ಲಿ ತಿರುಗಾಡಿಸುತ್ತೇನೆ ಎಂದು ಮಾವ ಊರಿಗೆಲ್ಲ ಹೇಳಿದ. ನನಗೆ ಹೇಳಿದ್ದು ಬೇರೆ. ಅತ್ತೆಯ ಅಕ್ಕ ದ್ಯಾಮವ್ವ ಇರುವುದು ನೀರಿನ ಆಚೆ ದಡದಲ್ಲಿ. ನಮ್ಮ ದಂಡೆಗೆ ನಿಂತರೆ ಸಂಜೆ ಅವರ ಊರಿನ ದೀಪಗಳು ಕಾಣುತ್ತವೆ. ರಸ್ತೆ ಹಿಡಿದು ಹೋದರೆ ಹೊಸಪೇಟೆ ಸುತ್ತಿ, ಡ್ಯಾಮು ದಾಟಿ, ಬಸ್ಸಿಗೆ ಬಸ್ಸು ಬದಲಿಸಿ ಹೋಗಬೇಕು. ನಮ್ಮ ಅತ್ತೆಗೆ ಬಸ್ಸು ಆಗಿಬರುವುದಿಲ್ಲ. ಲಿಂಬೆಹಣ್ಣು ಮೂಸುತ್ತಾ, ಕಿಟಕಿಗೆ ತಲೆ ಕೊಟ್ಟು, ಬೊಮ್ಮನಹಳ್ಳಿ ದಾಟುವುದರೊಳಗೇ ವಾಂತಿ ಶುರು. ಅಕ್ಕನ ಮನೆ ಸೇರುವಷ್ಟರಲ್ಲಿ ಹಿಂಡಿದ ಬಟ್ಟೆಯಂತಾಗಿರುತ್ತಾಳೆ. ಮೀನುಗಾರರ ತೆಪ್ಪದಲ್ಲಿ ಹೋಗಬಹುದು. ಆದರೆ ಬುಟ್ಟಿಯಂತೆ ದುಂಡಗಿರುವ ಆ ತೆಪ್ಪ ಗಿರಗಿರ ತಿರುಗುತ್ತಾ ಹೋಗುವಂಥದ್ದು, ಅದರಲ್ಲೂ ಅದೇ ಪಾಡು. ಹೀಗಾಗಿ ಸಾವು-ನೋವಿಗಷ್ಟೇ ಹೋಗಿಬಂದು, ಉಳಿದಂತೆ ಅಕ್ಕ ತಂಗಿ ಮಾತಾಡುತ್ತಿದ್ದದ್ದು ಫೋನಿನಲ್ಲಿ. ಇಬ್ಬರಿಗೂ ಫೋನನ್ನು ನಂಬಿ ಅಭ್ಯಾಸವಿಲ್ಲ. ನೀರು ದಾಟಿ ಕೇಳಬೇಕು ಎಂಬಂತೆ ಕೂಗುತ್ತಾರೆ.

‘ಇದು ತಿರುಗಂಗಿಲ್ಲಲೇ ಕೊಟ್ರ. ಸೀದಾ ಹೊಕ್ಕತಿ,’ ಎಂದಿದ್ದ ಮಾವ, ದೋಣಿಯ ಬೆನ್ನು ತಟ್ಟುತ್ತಾ. ‘ನಿಮ್ಮತ್ತಿನ್ನ ಒಮ್ಮಿ ಅಕ್ಕನ ಮನಿಗೆ ನಗನಗ್ತಾ ಕರಕೊಂಡು ಹೋಗಬೇಕು ನೋಡು.’

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗಾಗಿ ಒಂದು ದೋಣಿಯನ್ನೇ ತಂದ ಗಂಡಸನ್ನು ನಾನು ಬೇರೆ ಕಂಡಿಲ್ಲ. ನಾನಂತೂ ಮಿಕ್ಸಿಯನ್ನೂ ಸರಿಮಾಡಿ ಕೊಟ್ಟಿಲ್ಲ.

ದೋಣಿ ಸೀದಾ ಹೋಗುತ್ತಿತ್ತು ಎಂಬುದು ನಿಜ. ನಡುನೀರಿನವರೆಗೆ. ಅಲ್ಲಿಗೆ ಬಂದು ಇಂಜಿನ್ ಒಮ್ಮೆ ಕೆಮ್ಮಿ, ಎರಡನೆಯ ಸಲ ನಿಟ್ಟುಸಿರು ಬಿಟ್ಟು, ನಿಂತುಬಿಡುತ್ತಿತ್ತು. ಹಗ್ಗ ಜಗ್ಗಿದರೆ ಏಳುತ್ತಿರಲಿಲ್ಲ. ಮಾವ ಜಗ್ಗುವನು, ನಾನು ಜಗ್ಗುವೆನು. ಒಮ್ಮೆ ನಾನು ಪೌರುಷ ತೋರಿಸಲು ಹೋಗಿ, ಹಗ್ಗದ ಹಿಡಿ ಕೈ ಜಾರಿ, ಬೆನ್ನಿನ ಮೇಲೆ ನೀರಿಗೆ ಬಿದ್ದೆ. ಆಗ ನಮ್ಮನ್ನು ಎಳೆದು ತರುತ್ತಿದ್ದವನು ಮೀನು ಹಿಡಿಯುವ ಹುಲಗಪ್ಪ. ಬಿದಿರಿನ ತೆಪ್ಪವೊಂದು ಇಂಜಿನ್ನಿನ ದೋಣಿಯನ್ನು ಹಗ್ಗ ಕಟ್ಟಿ ಎಳೆದು ತರುವುದನ್ನು ನೋಡಲು ದಂಡೆಯಲ್ಲಿ ಜನ ಸೇರುತ್ತಿದ್ದರು.

‘ಗೌಡ್ರ, ನಿಮ್ಮ ದೋಣಿಗೆ ನನ್ನ ತೆಪ್ಪದ ಮ್ಯಾಲೆ ಮನಸೈತಿ,’ ಎನ್ನುತ್ತಿದ್ದ ಹುಲಗಪ್ಪ. ‘ಅದಕ್ಕ ನಾ ಇರೋ ಕಡಿಗೇ ಬಂದು ನಿಂದ್ರತತಿ.’

ವಿಚಿತ್ರವೆಂದರೆ ದಂಡೆಗೆ ತಂದ ಮೇಲೆ ಅದು ಹುಲಿ. ಹಡಗಲಿಯಿಂದ ಪಂಪ್‌ಸೆಟ್ ರಿಪೇರಿಯವನು ಬಂದ. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ ನೋಡಿ, ಮತ್ತೆ ಹಾಕಿ, ಪ್ಲಗ್ಗು ಬದಲಿಸಿ, ಜಗ್ಗಿದ. ಒಂದೇ ಏಟಿಗೆ ಎದ್ದಿತು. ಪ್ಲಗ್ಗಿನದೇ ದೋಷ ಎಂದು ಹೇಳಿ ಊಟ ಮಾಡಿ ಹೋದ. ಮುಂದಿನ ಸಲ ಕೂಡ್ಲಿಗಿಯಿಂದ ಮೊಪೆಡ್ ಮೆಕ್ಯಾನಿಕ್. ಅವನೂ ಮುಚ್ಚಳ ತೆಗೆದು ಪೆಟ್ರೋಲು ಇಣುಕಿ ನೋಡಿದ, ಕಾರ್ಬೊರೇಟರ್ ಬಿಚ್ಚಿ ಊದಿದ, ಜಗ್ಗಿದ, ಎದ್ದಿತು. ಕಾರ್ಬೊರೇಟರಿನದೇ ದೋಷ. ಚಿಗಟೇರಿಯಿಂದ ಬಂದವನು ಎಲ್ಲರಿಗಿಂತ ದೊಡ್ಡ ತಜ್ಞ. ಅವನು ಇಂಜಿನ್ನನ್ನು ಮುಟ್ಟುವ ಮೊದಲು ದೋಣಿಯ ಸುತ್ತ ತಿರುಗಿ, ‘ಇಂಜನ್ ಚಲೋ ಐತ್ರಿ. ನಿಮ್ಮ ನೀರು ಭಾರ ಐತಿ’ ಎಂದ. ಡ್ಯಾಮಿನ ನೀರು ಎಂದರೆ ಹೂಳು ಜಾಸ್ತಿ, ಅದನ್ನು ಸೀಳಲು ಇಂಜಿನ್ನಿಗೆ ದಮ್ಮು ಸಾಲದು ಎಂಬುದು ಅವನ ಸಿದ್ಧಾಂತ. ಅದನ್ನು ಕೇಳಿ ನಾನೂ ತಲೆದೂಗಿದೆ. ನಾನು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ನೋಡಿ, ಪ್ರೊಪೆಲ್ಲರ್, ಇಂಪೆಲ್ಲರ್ ಎಂಬ ಮಾತುಗಳನ್ನು ಊಟದ ನಡುವೆ ಉದುರಿಸುವಷ್ಟು ಬೆಳೆದಿದ್ದೆ. ಆದರೂ ಇಂಜಿನ್ ನಡುನೀರಿನಲ್ಲಿ ನಿಲ್ಲುವುದು ನಿಲ್ಲಲಿಲ್ಲ.

ದೋಣಿಯನ್ನು ಮೊದಲ ಸಲ ನೀರಿಗಿಳಿಸಿದ ದಿನವೂ, ಆಮೇಲೆ ಪ್ರತಿ ರಿಪೇರಿಯ ನಂತರವೂ ಮಾವ ತಪ್ಪದೆ ಒಂದು ಕೆಲಸ ಮಾಡುತ್ತಿದ್ದ. ಅವರದು ಕುರಿ ಸಾಕುವ ಮನೆತನ, ಮೈಲಾರನ ಒಕ್ಕಲು. ಹಟ್ಟಿಯಿಂದ ಕುರಿ ಹೊರಡುವಾಗ, ಬಿತ್ತಲು ಹೋಗುವಾಗ, ಮೊಮ್ಮಕ್ಕಳು ಪರೀಕ್ಷೆಗೆ ಹೋಗುವಾಗ, ದೇವರ ಭಂಡಾರ ಬೇಕೇ ಬೇಕು. ಭಂಡಾರ ಎಂದರೆ ಅರಿಶಿನದ ಪುಡಿ. ಬೇರೆಯವರು ಚಿಟಿಕೆ ಹಚ್ಚುತ್ತಾರೆ. ನಮ್ಮ ಮಾವನದು ಮುಷ್ಟಿ. ‘ಏಳುಕೋಟಿಗೋ’ ಎಂದು ಕೂಗಿ ಇಂಜಿನ್ನಿನ ನೆತ್ತಿಯ ಮೇಲೆ ತೂರಿದರೆ ಇಂಜಿನ್, ಮಾವ, ಪಕ್ಕದಲ್ಲಿದ್ದ ನಾನು, ಮೂವರೂ ಹಳದಿ. ಇಂಜಿನ್ ಕೆಟ್ಟಷ್ಟೂ ಭಂಡಾರದ ಪ್ರಮಾಣ ಹೆಚ್ಚಿತು. ನೆತ್ತಿಯ ಮೇಲೆ ಚೆಲ್ಲಿದ ಪೆಟ್ರೋಲು, ಅದಕ್ಕೆ ಬೆರೆಸುವ ಆಯಿಲು, ಅದರ ಮೇಲೆ ಭಂಡಾರ. ಹೀಗೆ ಹಚ್ಚಿ ಹಚ್ಚಿ ಇಂಜಿನ್ನು ಮದುಮಗನಂತೆ ಕಾಣುತ್ತಿತ್ತು.

ಅತ್ತೆ ಇದೆಲ್ಲವನ್ನೂ ದಂಡೆಯಲ್ಲಿ ನಿಂತು ನೋಡುತ್ತಿದ್ದಳು. ‘ಅದು ತಾನಾಗಿ ಹೋಗಿ ತಾನಾಗಿ ಬರಲಿ. ಆಮ್ಯಾಲೆ ನಾ ಕುಂದರ್ತೀನಿ,’ ಎಂಬುದು ಅವಳ ಶರತ್ತು. ಅದು ತಾನಾಗಿ ಬಂದ ದಿನವೇ ಇರಲಿಲ್ಲ. ಗುಜರಿಯವನು ಊರಿಗೆ ಬಂದಾಗಲೆಲ್ಲ ಅತ್ತೆ ಅವನನ್ನು ಕರೆದು ಚಹಾ ಕುಡಿಸಿ ಕಳಿಸುವುದನ್ನು ನೋಡಿ ಮಾವ ಒಳಗೊಳಗೇ ಇಳಿದುಹೋಗುತ್ತಿದ್ದ.

ಹೀಗಿರುವಾಗ, ಹೋದ ದೀಪಾವಳಿ ಮುಗಿದ ಮೇಲೆ, ಆಚೆ ದಡದಿಂದ ದ್ಯಾಮವ್ವನ ಫೋನು ಬಂತು. ಆವತ್ತು ನಾನು ಅಲ್ಲೇ ಇದ್ದೆ. ಎಂದಿನಂತೆ ಅಕ್ಕ ಕೂಗಲಿಲ್ಲ. ಸಣ್ಣ ದನಿಯಲ್ಲಿ ಮಾತಾಡಿದಳು. ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದು ‘ಹ್ಞೂಂ, ಹ್ಞೂಂ’ ಎನ್ನುತ್ತಾ ಗೋಡೆಗೆ ಒರಗಿ ಕೂತಳು. ಆಮೇಲೆ ನಮಗೆ ಹೇಳಿದಳು. ಅಕ್ಕನ ಕಣ್ಣಿನ ನರ ಒಣಗುತ್ತಾ ಬಂದಿದೆಯಂತೆ. ಇರುವಷ್ಟನ್ನು ಉಳಿಸಲು ಡಾಕ್ಟರು ಔಷಧಿ ಕೊಟ್ಟಿದ್ದಾರೆ, ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದಾರೆ. ಮುಂಜಾನೆಯ ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಕಾಣುತ್ತದಂತೆ.

‘ಕಾಣೋದ್ರಾಗ ಒಮ್ಮಿ ಬಂದು ಹೋಗಬೇ ಈರಿ, ನಿನ್ನ ಮಾರಿ ನೋಡಬೇಕು ಅಂದ್ಳು,’ ಎಂದಳು ಅತ್ತೆ. ಅಷ್ಟು ಹೇಳಿ ಎದ್ದು ಎಮ್ಮೆಗೆ ನೀರು ಇಡಲು ಹೋದಳು. ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಬಂದಾಗ ಮಾವನಿಗೆ ಒಂದೇ ಮಾತು ಹೇಳಿದಳು. ‘ನಾಳಿ ಮುಂಜಾನಿ ದೋಣಿ ತಗೀರಿ.’

ಮಾವನ ಮುಖ ನೋಡಬೇಕಿತ್ತು. ಅಷ್ಟು ವರ್ಷ ಕಾದ ಮಾತು ಬಂದಿತ್ತು, ಆದರೆ ಬಂದ ರೀತಿಗೆ ಅವನಿಗೆ ಭಯವೇ ಆಯಿತು. ‘ಬಸ್ಸಿಗೆ ಹೋಗೋಣೇನು?’ ಎಂದ.

‘ಬಸ್ಸಿಗೆ ಹೋದ್ರ ಅಕಿ ನೋಡೋದು ನನ್ನ ಮಾರಿ ಅಲ್ಲ, ವಾಂತಿ ಮಾಡಿದ ಮಾರಿ. ದೋಣಿ ತಗೀರಿ. ಆದ್ರ ಹೊತ್ತು ಮುಳುಗೋದ್ರಾಗ ವಾಪಸ್ ಬರಬೇಕು. ಎಮ್ಮಿ ಬ್ಯಾರೆ ಕೈಗೆ ಹಾಲು ಕೊಡಂಗಿಲ್ಲ.’

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಅತ್ತೆ ಇಳಕಲ್ ಸೀರೆ ಉಟ್ಟು, ಅದರ ಮೇಲೆ ದೋಣಿಯ ಜೊತೆ ಬಂದಿದ್ದ, ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿದುಕೊಂಡು, ಹುರುಪಿನಿಂದ ಹೊರಟ ಪೈಲ್ವಾನನ ಹಾಗಿದ್ದಳು. ತೊಡೆಯ ಮೇಲೆ ರೊಟ್ಟಿಯ ಗಂಟು, ಅಕ್ಕನಿಗೆ ಕುಬಸದ ಖಣ, ಶೇಂಗಾ ಹಿಂಡಿ. ಮಾವ ಟ್ಯಾಂಕು ತುಂಬಿಸಿ, ಮುಚ್ಚಳ ಬಿಗಿದು, ಅಂದಿನ ಘನತೆಗೆ ತಕ್ಕಂತೆ ಎರಡೂ ಕೈ ತುಂಬ ಭಂಡಾರ ತೂರಿದ. ಒಂದೇ ಏಟಿಗೆ ಇಂಜಿನ್ ಎದ್ದಿತು. ನೀರು ತುಂಬಿಕೊಂಡು ಕೂತಿತ್ತು, ಹಕ್ಕಿಗಳು ದೂರದಲ್ಲಿ ಬಿಳಿ ಬಟ್ಟೆ ಒಣಹಾಕಿದಂತೆ ಕಾಣುತ್ತಿದ್ದವು. ಅತ್ತೆ ಅಂಜುತ್ತಾ ಅಂಜುತ್ತಾ ಕೈಯನ್ನು ನೀರಿಗೆ ಇಳಿಬಿಟ್ಟಳು. ‘ವಾಂತಿ ಬರವಲ್ದು ನೋಡ್ರಿ!’ ಎಂದಳು. ಮಾವ ಬೇರೆ ಕಡೆ ನೋಡಿ ಕಣ್ಣೊರೆಸಿಕೊಂಡ. ಗಾಳಿಗೆ ಇರಬಹುದು.

ನಡುನೀರಿಗೆ ಬಂದೆವು. ಇಂಜಿನ್ ಒಮ್ಮೆ ಕೆಮ್ಮಿತು.

ಅದರ ಮುಂದಿನದನ್ನು ನೀವೇ ಊಹಿಸಬಹುದು. ಮಾವ ಮೂಸಿದ. ನಾನು ಮೂಸಿದೆ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದೆವು. ಕಾರ್ಬೊರೇಟರಿನ ಕೆಳಗೆ ಬೆರಳಿಂದ ತಟ್ಟಿದೆವು. ನಾನು ಇಂಪೆಲ್ಲರ್ ಬಗ್ಗೆ ಒಂದು ಮಾತು ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಅಂದು ಹುಲಗಪ್ಪನೂ ಇರಲಿಲ್ಲ, ಹೊಸಪೇಟೆಗೆ ಬೀಗರ ಮನೆಗೆ ಹೋಗಿದ್ದ. ಬೇರೆ ಯಾರನ್ನಾದರೂ ಕರೆಯೋಣವೆಂದರೆ ನಡುನೀರಿನಲ್ಲಿ ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಗಾಳಿ ನಮ್ಮನ್ನು ಎತ್ತಲೋ ದೂಡುತ್ತಾ ಹೋಯಿತು. ಬಿಸಿಲು ನೆತ್ತಿಗೆ ಬಂತು. ಆಚೆ ದಡದ ಮರಗಳು ಕಣ್ಣೆದುರಿಗೇ ಇದ್ದವು, ಮುಟ್ಟಲು ಆಗುತ್ತಿರಲಿಲ್ಲ. ಅತ್ತೆ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬೈಯಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಸೂರ್ಯ ಎಲ್ಲಿಗೆ ಬಂದ ಎಂದು ಆಗಾಗ ನೋಡುತ್ತಿದ್ದಳು. ಮುಂಜಾನೆ ಕೈ ಬಿಟ್ಟುಹೋಯಿತು ಎಂಬುದು ಮೂವರಿಗೂ ಗೊತ್ತಿತ್ತು. ಮಾವ ಹಗ್ಗ ಜಗ್ಗಿ ಜಗ್ಗಿ ಅಂಗೈ ಕೆಂಪಾಗಿ, ಕೊನೆಗೆ ಹಲಗೆಯ ಮೇಲೆ ಕುಸಿದು ಕೂತ.

‘ಗುಜರಿಗೆ ಹಾಕಿಬಿಡು ಇದನ್ನ. ನಂದ ತಪ್ಪು,’ ಎಂದ.

ಅತ್ತೆ ಗಂಟು ಬಿಚ್ಚಿ ಅವನ ಕೈಗೆ ರೊಟ್ಟಿ ಕೊಟ್ಟಳು. ‘ಮೊದ್ಲು ತಿನ್ರಿ. ಪೆಟ್ರೋಲ್ ಐತೋ ಇಲ್ಲೋ, ನೋಡಿದ್ರೇನು?’

‘ಕಂಠಮಟ ತುಂಬಸೀನಿ. ಮುಚ್ಚಳ ತಗೀಬ್ಯಾಡ, ಅಲುಗಾಡಿ ನೀರು ಸಿಡೀತತಿ.’

ತೆಗೆಯಬೇಡ ಎಂದರೆ ತೆಗೆಯುವುದು ಅತ್ತೆಯ ಸ್ವಭಾವ. ಸೆರಗು ಸುತ್ತಿ ಮುಚ್ಚಳ ಹಿಡಿದು ತಿರುಗಿಸಿದಳು. ಅದು ಒಳಗಿಂದ ಯಾರೋ ಹಿಡಿದು ಎಳೆದಂತೆ ಬಿಗಿಯಾಗಿತ್ತು. ಇನ್ನೊಮ್ಮೆ ತಿರುವಿದಾಗ ‘ಸುಂಯ್’ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ಬಂತು. ಮೂವರೂ ಮುಖ ಮುಖ ನೋಡಿಕೊಂಡೆವು. ಮಾವ ರೊಟ್ಟಿ ಕಚ್ಚಿಕೊಂಡೇ ಹಗ್ಗ ಜಗ್ಗಿದ. ಇಂಜಿನ್ ಎದ್ದಿತು!

ಅತ್ತೆ ಮುಚ್ಚಳ ಬಿಗಿದಳು. ಸ್ವಲ್ಪ ದೂರ ಹೋಗಿ ನಿಂತಿತು. ತೆಗೆದಳು. ಸುಂಯ್. ಜಗ್ಗಿದರೆ ಎದ್ದಿತು.

ಮುಚ್ಚಳವನ್ನು ತಿರುಗಿಸಿ ನೋಡಿದರೆ, ನಡುವೆ ಒಂದು ಸಣ್ಣ ತೂತು ಇರಬೇಕಾದ ಜಾಗದಲ್ಲಿ ಗಟ್ಟಿ ಹಳದಿ ಬೊಟ್ಟು. ಗಾಳಿ ಆಡಲೆಂದು ಕಂಪನಿಯವರೇ ಇಟ್ಟ ತೂತು ಅದು. ಮಾವನ ಭಂಡಾರ ಪೆಟ್ರೋಲು ಆಯಿಲು ಕುಡಿದು ಅದರೊಳಗೆ ಗಾರೆಯ ಹಾಗೆ ಕೂತಿತ್ತು. ಗಾಳಿ ಒಳಗೆ ಬಾರದೆ, ಪೆಟ್ರೋಲು ಕೆಳಗೆ ಇಳಿಯದೆ, ಇಂಜಿನ್ ಬಾಯಾರಿ ನಿಲ್ಲುತ್ತಿತ್ತು. ದಂಡೆಯಲ್ಲಿ ಪ್ರತಿಯೊಬ್ಬ ರಿಪೇರಿಯವನೂ ಮೊದಲು ಮಾಡುತ್ತಿದ್ದ ಕೆಲಸ ಮುಚ್ಚಳ ತೆಗೆದು ಇಣುಕುವುದು. ಅಷ್ಟಕ್ಕೇ ಅದು ಗುಣವಾಗುತ್ತಿತ್ತು, ಹೆಸರು ಪ್ಲಗ್ಗಿಗೆ ಬರುತ್ತಿತ್ತು. ಗುಣವಾಯಿತೆಂದು ಮಾವ ಮತ್ತೆ ಭಂಡಾರ ಹಾಕುತ್ತಿದ್ದ.

‘ಎಣ್ಣಿ ಡಬ್ಬಿಗೆ ಎರಡು ತೂತು ಹೊಡೀತೀನಲ್ಲೇ ನಾನು,’ ಎಂದ ಮಾವ, ಯಾರಿಗೆಂದಿಲ್ಲದೆ. ‘ಒಂದು ಎಣ್ಣಿಗೆ, ಒಂದು ಗಾಳಿಗೆ. ನಾನೇ ಹೊಡೀತೀನಿ!’ ಆಮೇಲೆ ದನಿ ತಗ್ಗಿಸಿ, ‘ದೇವ್ರ ಭಂಡಾರ ಹಿಂಗ ಮಾಡ್ತಂದ್ರ…’ ಎಂದು ಅರ್ಧಕ್ಕೇ ಬಿಟ್ಟ. ಅವನ ಮುಖ ಸಣ್ಣದಾಗಿತ್ತು.

‘ದೇವ್ರು ಏನು ಮಾಡ್ಯಾನ?’ ಎಂದಳು ಅತ್ತೆ. ‘ಚಿಟಿಗಿ ಹಚ್ಚೋ ಕಡಿ ಬೊಗಸಿಗಟ್ಟಲೆ ಒಗದ್ರ ಅವನಾರ ಉಸಿರಾಡೋದು ಹೆಂಗ?’ ಸೀರೆಯ ಪಿನ್ನು ತೆಗೆದು ತೂತನ್ನು ಕುಕ್ಕಿ ಕುಕ್ಕಿ ಬಿಡಿಸಿದಳು. ಪಿನ್ನಿಗೆ ಅಂಟಿ ಬಂದ ಹಳದಿಯನ್ನು ನೀರಿಗೆ ಒಗೆಯದೆ ತನ್ನ ತಾಳಿಗೆ ಒರೆಸಿಕೊಂಡಳು. ಪೆಟ್ರೋಲಿನ ವಾಸನೆಯ ಆ ತಾಳಿಯನ್ನು ಕಣ್ಣಿಗೊತ್ತಿಕೊಂಡದ್ದನ್ನೂ ನೋಡಿದೆ. ಅತ್ತೆಯ ಮೇಲೆ ನನಗೆ ಇರುವ ಪ್ರೀತಿ ಆ ಗಳಿಗೆಯಲ್ಲಿ ದುಪ್ಪಟ್ಟಾಯಿತು.

ದೋಣಿ ಎಲ್ಲೂ ನಿಲ್ಲದೆ ಆಚೆ ದಡ ಮುಟ್ಟಿತು. ಆದರೆ ಹೊತ್ತು ಆಗಲೇ ವಾಲಿತ್ತು.

ದ್ಯಾಮವ್ವ ಮುಂಜಾನೆಯಿಂದ ದಂಡೆಯಲ್ಲೇ ಕೂತಿದ್ದಳಂತೆ. ಮನೆಯವರು ಕರೆದರೂ ಊಟಕ್ಕೆ ಎದ್ದಿರಲಿಲ್ಲವಂತೆ. ಇಂಜಿನ್ ಸದ್ದಿಗೆ ಎದ್ದು, ಕೈ ಮುಂದೆ ಚಾಚಿ, ಮೊಣಕಾಲು ನೀರಿನವರೆಗೆ ಬಂದಳು. ಅತ್ತೆ ಜಾಕೆಟ್ಟಿನ ಸಮೇತ ದೋಣಿಯಿಂದ ಇಳಿದು ಅವಳ ಕೈ ಹಿಡಿದಳು.

‘ಯಕ್ಕಾ, ನಾನು.’

‘ದನಿ ಬಂತು,’ ಎಂದಳು ದ್ಯಾಮವ್ವ. ಅತ್ತೆಯ ಗಲ್ಲ, ಮೂಗು, ಕಿವಿಯ ಬುಗುಡಿ ಎಲ್ಲವನ್ನೂ ಬೆರಳಿಂದ ತಡವಿದಳು. ಮುಖವನ್ನು ಅತ್ತ ಇತ್ತ ಹೊರಳಿಸಿ ಬೆಳಕಿಗೆ ಹಿಡಿದು ನೋಡಿದಳು. ‘ಮಾರಿ ಕಾಣವಲ್ದಬೇ. ಸಂಜಿ ಆತಂದ್ರ ಎಲ್ಲಾ ಹೊಗಿ ತುಂಬಿದಂಗ ಆಕ್ಕತಿ. ಮುಂಜಾನಿ ಬಂದಿದ್ರ…’ ಎಂದು, ತಂಗಿಗೆ ನೋವಾದೀತೆಂದು ಅಲ್ಲಿಗೇ ನಿಲ್ಲಿಸಿ, ‘ಇರ್ಲಿ, ಕೈಗೆ ಸಿಕ್ಕೆಲ್ಲ’ ಎಂದಳು.

ಮನೆ ದಂಡೆಗೇ ಇತ್ತು. ಬೆಲ್ಲದ ಚಹಾ ಕುಡಿದೆವು. ಅಕ್ಕ ತಂಗಿ ಒಬ್ಬರ ತೊಡೆಗೆ ಒಬ್ಬರು ತೊಡೆ ತಾಗಿಸಿ ಕಟ್ಟೆಯ ಮೇಲೆ ಕೂತಿದ್ದರು. ಸೂರ್ಯ ನೀರಿಗೆ ಹತ್ತಿರವಾಗುತ್ತಿದ್ದಂತೆ ಅತ್ತೆ ಎದ್ದಳು. ‘ಎಮ್ಮಿ ಒದರ್ತಿರ್ತತಿ ಯಕ್ಕಾ,’ ಎಂದಳು. ದ್ಯಾಮವ್ವ ‘ಹೌದವ್ವ, ಮೂಕ ಪ್ರಾಣಿ, ಹೋಗು’ ಎಂದಳು. ಎಮ್ಮೆಯ ವಿಷಯಕ್ಕೆ ಬಂದರೆ ಇಬ್ಬರದೂ ಒಂದೇ ಮತ. ಒಂದು ದಿನ ಇದ್ದು ಹೋಗೆಂದು ಅವಳೂ ಕೇಳಲಿಲ್ಲ, ಇರುತ್ತೇನೆಂದು ಇವಳೂ ಹೇಳಲಿಲ್ಲ.

ಮಾವ ನಮಗಿಂತ ಮೊದಲೇ ದೋಣಿಗೆ ಹೋಗಿದ್ದ. ನಾವು ದಂಡೆಗೆ ಬರುವಷ್ಟರಲ್ಲಿ ಹಗ್ಗ ಜಗ್ಗಲು ಶುರುಮಾಡಿದ್ದ. ಇಂಜಿನ್ ಮಿಸುಕಲಿಲ್ಲ. ಮತ್ತೆ ಜಗ್ಗಿದ. ನಾನು ಓಡಿಹೋಗಿ ಮುಚ್ಚಳ ನೋಡಿದೆ. ತೂತು ಶುದ್ಧವಾಗಿತ್ತು. ಪೆಟ್ರೋಲು ಇತ್ತು. ಬಗ್ಗಿ ಮೂಸಲು ಹೋದವನಿಗೆ ಕಂಡಿತು: ಪ್ಲಗ್ಗಿಗೆ ಚುಚ್ಚಿರಬೇಕಾದ ವೈರು ಕಳಚಿಕೊಂಡು ಪಕ್ಕಕ್ಕೆ ಬಿದ್ದಿತ್ತು. ತಾನಾಗಿ ಕಳಚುವಂಥದ್ದಲ್ಲ ಅದು, ಬಲವಾಗಿ ಎಳೆದರಷ್ಟೇ ಬರುವಂಥದ್ದು.

‘ಮಾವ, ವೈರು…’ ಎಂದೆ.

ಮಾವ ಹಗ್ಗ ಜಗ್ಗುತ್ತಲೇ, ತುಟಿ ಅಲ್ಲಾಡಿಸದೆ, ‘ಬಾಯಿ ಮುಚ್ಚಲೇ ಕೊಟ್ರ’ ಎಂದ.

ಮತ್ತೆ ಜಗ್ಗಿದ, ಮತ್ತೆ ಜಗ್ಗಿದ. ವರ್ಷಗಟ್ಟಲೆ ಏಳಲೆಂದು ಜಗ್ಗಿದವನು ಅಂದು ಏಳಬಾರದೆಂದು ಜಗ್ಗುತ್ತಿದ್ದ. ನಿಜವಾಗಿ ಕೆಟ್ಟಾಗಲೂ ಅವನ ಮುಖದಲ್ಲಿ ಅಷ್ಟು ಕಳವಳ ಕಂಡಿರಲಿಲ್ಲ. ನಾಟಕದಲ್ಲಿ ಪಾತ್ರ ಮಾಡಿದ್ದರೆ ಹಡಗಲಿಯವರೆಗೂ ಹೆಸರಾಗುತ್ತಿದ್ದ.

‘ಏನಾತ್ರಿ?’ ಎಂದಳು ಅತ್ತೆ ದಂಡೆಯಿಂದ.

‘ಚಾಲೂ ಆಗವಲ್ದು.’

‘ಮುಚ್ಚಳ?’

‘ಮುಚ್ಚಳದ್ದಲ್ಲ, ಇದು ಬ್ಯಾರೆ. ಒಳಗಿಂದು. ನಾಳಿ ಬೆಳಕಿನ್ಯಾಗ ಬಿಚ್ಚಿ ನೋಡಬೇಕು.’

ಅತ್ತೆ ಮಾವನನ್ನೇ ನೋಡಿದಳು. ಸ್ವಲ್ಪ ದೀರ್ಘವಾಗಿಯೇ ನೋಡಿದಳು. ಆಮೇಲೆ ನನ್ನ ಫೋನು ಇಸಿದುಕೊಂಡು ಊರಿನಲ್ಲಿದ್ದ ಸೊಸೆಗೆ, ನೀರು ದಾಟಿ ಕೇಳುವಂತೆ ಕೂಗಿ ಹೇಳಿದಳು: ‘ಏ ಹುಡುಗಿ, ಇವ್ರ ಇಂಜನ್ ಮತ್ತ ಕೆಟ್ಟೈತಿ. ನನ್ನ ಹಳೀ ಸೀರಿ ಉಟಗೊಂಡು ಎಮ್ಮಿ ಬುಡಕ್ಕ ಕುಂದ್ರು. ಮಾತಾಡಬ್ಯಾಡ, ದನಿ ಗುರ್ತು ಹಿಡೀತತಿ.’ ಫೋನು ತಿರುಗಿ ಕೊಟ್ಟು, ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಾ ಅಕ್ಕನ ಮನೆಯ ಕಡೆ ನಡೆದಳು. ದ್ಯಾಮವ್ವ ಅವಳ ರಟ್ಟೆ ಹಿಡಿದುಕೊಂಡು, ಕಾಣದಿದ್ದರೂ ಅವಳಿಗಿಂತ ಬೇಗ ಹೆಜ್ಜೆ ಹಾಕುತ್ತಿದ್ದಳು.

ಬೆಳಗ್ಗೆ ನಾವು ಏಳುವುದರೊಳಗೆ ಅಕ್ಕ ತಂಗಿ ಅಂಗಳಕ್ಕೆ ಬಂದಿದ್ದರು. ದ್ಯಾಮವ್ವ ತಂಗಿಯನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿ, ಎಳೆ ಬಿಸಿಲು ನೇರ ಹಣೆಗೆ ಬೀಳುವವರೆಗೆ ಕಾದಳು. ಆಮೇಲೆ ಎರಡೂ ಕೈಯಲ್ಲಿ ಆ ಮುಖ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು, ನೋಡಿದಳು. ಬಹಳ ಹೊತ್ತು ನೋಡಿದಳು.

‘ಅಯ್ಯ! ನೀನೂ ಮುದುಕಿ ಆದೆಲ್ಲಬೇ ಈರಿ!’

ಅತ್ತೆ ನಗಲು ಹೋಗಿ ಅತ್ತುಬಿಟ್ಟಳು. ಹಿಂದಿನ ದಿನವೆಲ್ಲ ಒಂದು ಹನಿಯೂ ಹಾಕದವಳು, ಅಕ್ಕನ ಮಡಿಲಿಗೆ ತಲೆ ಇಟ್ಟು ಚಿಕ್ಕ ಹುಡುಗಿಯ ಹಾಗೆ ಅತ್ತಳು. ದ್ಯಾಮವ್ವ ಅವಳ ತಲೆಯನ್ನು ಬಿಸಿಲಿಗೆ ಹೊರಳಿಸಿ ಬಿಳಿ ಕೂದಲನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ, ‘ಇದು ಬೆಳ್ಳಗಾಗೈತಿ, ಇದೂ ಬೆಳ್ಳಗಾಗೈತಿ’ ಎನ್ನುತ್ತಿದ್ದಳು.

ನಾನು ದಂಡೆಗೆ ಇಳಿದೆ. ಮಾವ ದೋಣಿಯಲ್ಲಿ ಇಂಜಿನ್ನಿಗೆ ಬೆನ್ನು ಕೊಟ್ಟು, ಬೀಡಿಯನ್ನೂ ಹಚ್ಚದೆ, ಮನೆಯ ಅಂಗಳದ ಕಡೆಗೇ ನೋಡುತ್ತಾ ಕೂತಿದ್ದ.

‘ವೈರು ಚುಚ್ಚಲೇನ್ರಿ ಮಾವ? ಹೊರಡೋಣೇನು?’ ಎಂದೆ.

‘ಸುಮ್ನ ಕುಂದ್ರಲೇ,’ ಎಂದ ಮಾವ. ‘ಇನ್ನಾ ರಿಪೇರಿ ಆಗಿಲ್ಲ.’